ಅಪ್ಪನ ಪಿಎಸ್‌ಎ 6.2 ಬಂದಿದೆ, ಕ್ಯಾನ್ಸರ್ ಇರಬಹುದಾ ಡಾಕ್ಟ್ರೇ?

ಪ್ರಶ್ನೆ, ಶಿಡ್ಲಘಟ್ಟದಿಂದ: ನಮಸ್ತೆ ಸರ್. ಅಪ್ಪನಿಗೆ 68. ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋಕೆ ಇರಬೇಕು ಅಂದುಕೊಂಡಿದ್ದೆವು. ಹುಳು ಇಲ್ಲದ ದಿನಗಳಲ್ಲೂ ಏಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಹೋದ ವಾರ ಮೂತ್ರ ಪೂರ್ತಿ ಕಟ್ಟಿಕೊಂಡು ಮೂರು ದಿನ ಪೈಪ್ ಹಾಕಿದ್ದರು. ತೆಗೆದ ಐದನೇ ದಿನ ರಕ್ತ ಕೊಟ್ಟೆವು. ಪಿಎಸ್‌ಎ 6.2, ಪಕ್ಕದಲ್ಲೇ ದಪ್ಪಕ್ಕೆ ‘ಎಚ್’ ಅಂತ ಹೊಡೆದಿದೆ. ಕಿಡ್ನಿ ಪರೀಕ್ಷೆ ಕ್ರಿಯಾಟಿನಿನ್ 1.1. ಸ್ಕ್ಯಾನಲ್ಲಿ ಪ್ರಾಸ್ಟೇಟ್ 52 ಗ್ರಾಂ. ಅಮ್ಮ ಸರಿಯಾಗಿ ಊಟವೇ ಮಾಡುತ್ತಿಲ್ಲ.

ಉತ್ತರ: ಮೊದಲು ಅಮ್ಮನಿಗೆ ಊಟ ಬಡಿಸಿ. ಪಿಎಸ್‌ಎ ಅನ್ನೋದು ಪ್ರಾಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರಚೀಲದ ಕೆಳಗಿರುವ ಗ್ರಂಥಿ, ತಾನೇ ತಯಾರಿಸುವ ಪ್ರೋಟೀನ್. ಅದು ಗ್ರಂಥಿಯ ಗುರುತು, ಕ್ಯಾನ್ಸರ್‌ದೇ ಗುರುತಲ್ಲ. ಹರೆಯದಲ್ಲಿ 20 ಗ್ರಾಂ ಆಸುಪಾಸು ಇರುವ ಗ್ರಂಥಿ ಅಪ್ಪನಿಗೆ 52 ಆಗಿದೆ. ದೊಡ್ಡದಾದಷ್ಟೂ ರಕ್ತಕ್ಕೆ ಸೇರುವ ಪಿಎಸ್‌ಎ ಜಾಸ್ತಿ. ಸಾಮಾನ್ಯವಾಗಿ 4 ದಾಟಿದರೆ ಲ್ಯಾಬಿನವರು ‘ಎಚ್’, ಅಂದರೆ ಹೈ, ಅಂತ ಹೊಡೆಯುತ್ತಾರೆ, ಅಷ್ಟೆ.

ತಪ್ಪಿರೋದು ರಕ್ತ ಕೊಟ್ಟ ದಿನ. ಮೂತ್ರ ಕಟ್ಟಿದರೂ, ಪೈಪ್ ಹಾಕಿದರೂ, ಸೋಂಕಾದರೂ ಪಿಎಸ್‌ಎ ಏರುತ್ತದೆ. ಇಳಿಯೋಕೆ ವಾರಗಳೇ ಬೇಕು. ಮೂತ್ರದಲ್ಲಿ ಸೋಂಕಿದೆಯಾ ನೋಡಿಸಿ, 6–8 ವಾರ ಬಿಟ್ಟು ಮತ್ತೆ ಮಾಡಿಸಿ. ಅದಕ್ಕೆ ಮುಂಚೆ ಎರಡು ದಿನ ಸೈಕಲ್ ತುಳಿಯೋದು ಬೇಡ, ದಾಂಪತ್ಯವೂ ಬೇಡ. ಆಗಲೂ 4ರಿಂದ 10ರ ನಡುವೆ ಇದ್ದರೆ, ರಕ್ತದಲ್ಲಿ ಬೇರೆ ಪ್ರೋಟೀನಿಗೆ ಅಂಟಿಕೊಳ್ಳದೆ ಇರುವ ಫ್ರೀ ಪಿಎಸ್‌ಎ ನೋಡುತ್ತೇವೆ. ಒಟ್ಟು ಪಿಎಸ್‌ಎಯಲ್ಲಿ ಅದು ಶೇ. 25 ದಾಟಿದರೆ ಕ್ಯಾನ್ಸರ್ ಅನುಮಾನ ಕಡಿಮೆ, ಶೇ. 10ಕ್ಕಿಂತ ಕೆಳಗಿದ್ದರೆ ಜಾಸ್ತಿ. ಗುದದ್ವಾರದಿಂದ ಪ್ರಾಸ್ಟೇಟ್ ಮುಟ್ಟಿ ನೋಡುವ ಬೆರಳಿನ ಪರೀಕ್ಷೆ ಮಾತ್ರ ಈಗಲೇ ಆಗಲಿ. ಗಂಟು ಸಿಕ್ಕರೆ ಕಾಯುವ ಹಾಗಿಲ್ಲ.

ನನಗೆ ಸಮಾಧಾನ ಆಗಿದ್ದು ಆ ಕ್ರಿಯಾಟಿನಿನ್ 1.1 ನೋಡಿ. ಮೂತ್ರ ಹಿಂದಕ್ಕೆ ಒತ್ತಿ ಎರಡೂ ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಅದು ಏರಿರುತ್ತಿತ್ತು. ಅದನ್ನು ಯಾರೂ ಕೇಳೋದೇ ಇಲ್ಲ!

ಪ್ರಶ್ನೆ, ಚಿಂತಾಮಣಿಯಿಂದ: ಸರ್, ನಮ್ಮ ಮಾವ ಒಂದು ವರ್ಷದಿಂದ ಪ್ರಾಸ್ಟೇಟ್ ಕುಗ್ಗಿಸೋ ಡ್ಯುಟಾಸ್ಟರೈಡ್ ಮಾತ್ರೆ ತಗೊಳ್ತಿದ್ದಾರೆ. ಪಿಎಸ್‌ಎ 3.1. ನಾರ್ಮಲ್ ಅಲ್ವಾ?

ಉತ್ತರ: ಅದನ್ನು 6.2 ಅಂತ ಓದಿ. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಮಾತ್ರೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಶುರು ಮಾಡುವಾಗ ಎಷ್ಟಿತ್ತು?

ಚಿಂತಾಮಣಿ: ಆಗ ಮಾಡಿಸಿರಲಿಲ್ಲ.

ಉತ್ತರ: ಹಾಗಾದರೆ ಈ ರಿಪೋರ್ಟ್ ಹಿಡಿದು ಮೂತ್ರರೋಗ ತಜ್ಞರನ್ನು ಕಾಣಿ. ಮಾತ್ರೆ ವಿಷಯ ಮೊದಲೇ ಹೇಳಿ. ಮಾತ್ರೆ ನುಂಗುತ್ತಿರುವಾಗಲೇ ಪಿಎಸ್‌ಎ ಏರಿದರೆ, ಸ್ವಲ್ಪವೇ ಆದರೂ ಸುಮ್ನೆ ಬಿಡಬೇಡಿ.

ಶಿಡ್ಲಘಟ್ಟ: ಸರ್, ಬೆರಳಿನ ಪರೀಕ್ಷೆ ಅಂದರೆ ಅಪ್ಪ ಖಂಡಿತ ಒಪ್ಪಲ್ಲ.

ಉತ್ತರ: ರೇಷ್ಮೆ ಗೂಡು ಕೈಯಲ್ಲಿ ಅದುಮಿ ನೋಡದೆ, ನೂಲು ತೆಗೆಯುವ ರೀಲರು ರೇಟು ಹಾಕುತ್ತಾರಾ ಅಂತ ಕೇಳಿ.