ಸ್ಪೆಸಿಫಿಕ್ ಹೀಟ್‌ನಲ್ಲಿ ಎರಡು ಗುಡ್ಡ ಬಂದಿವೆ, ಏನ್ಮಾಡ್ಲಿ?

ಪಿಎಚ್‌ಡಿ ಮೂರನೇ ವರ್ಷ ನಂದು. ಸೀರಿಯಂ-ಕಾಪರ್-ಸಿಲಿಕಾನ್ 1-2-2 (ಪರಮಾಣುಗಳ ಲೆಕ್ಕ) ಕ್ರಿಸ್ಟಲ್ ಬೆಳೆಸಿ ಡೈಲ್ಯೂಷನ್ ಫ್ರಿಜ್‌ನಲ್ಲಿ (ಸೊನ್ನೆ ಕೆಲ್ವಿನ್ ಹತ್ರಕ್ಕೆ ತಣಿಸೋ ಯಂತ್ರ) ಸ್ಪೆಸಿಫಿಕ್ ಹೀಟ್, ಅಂದ್ರೆ ಒಂದು ಡಿಗ್ರಿ ಬಿಸಿ ಮಾಡೋಕೆ ಬೇಕಾದ ಶಾಖ, ಅಳೆದ್ರೆ 0.6 ಕೆಲ್ವಿನ್ ಹತ್ರ ಒಂದು ಗುಡ್ಡ, 0.75ರ ಹತ್ರ ಇನ್ನೊಂದು. ಗುಡ್ಡ ಬಂತು ಅಂದ್ರೆ ಅಲ್ಲಿ ವಸ್ತುವಿನ ಸ್ಥಿತಿ ಬದಲಾಗ್ತಿದೆ ಅಂತ. ಎರಡು ಸೂಪರ್‌ಕಂಡಕ್ಟಿಂಗ್ ಫೇಸ್ (ರೆಸಿಸ್ಟೆನ್ಸ್ ಇಲ್ದೆ ಕರೆಂಟ್ ಹರಿಯೋ ಸ್ಥಿತಿ) ಅಂತ ಬರೀಬಹುದಾ? ಗೈಡ್ ಫುಲ್ ಖುಷಿ, ನಂಗೇ ಭಯ. ಇಂಥದ್ದು ಕಂಡವ್ರು ಹೇಳಿ ಪ್ಲೀಸ್.

— ಭಯ ಬಿದ್ದಿದ್ದೇ ಒಳ್ಳೇದಾಯ್ತು. 1979ರಲ್ಲಿ ಸ್ಟೆಗ್ಲಿಶ್ ಗುಂಪು ಇದ್ರಲ್ಲಿ ಸೂಪರ್‌ಕಂಡಕ್ಟಿವಿಟಿ ತೋರಿಸಿದಾಗಿಂದ ಸ್ಯಾಂಪಲ್‌ದೇ ತಕರಾರು. ಕಾಪರ್ ಒಂಚೂರು ಜಾಸ್ತಿ ಇದ್ರೆ ಸೂಪರ್‌ಕಂಡಕ್ಟರ್, ಕಮ್ಮಿ ಆದ್ರೆ ಆಂಟಿಫೆರೋ (ಒಂದು ಥರದ ಮ್ಯಾಗ್ನೆಟಿಸಂ), ನಡುವೆ ಸಿಕ್ಕಿದ್ರೆ ಎರಡೂ. ನಿಮ್ಮ ಮೇಲಿನ (0.75ರ) ಗುಡ್ಡ ಮ್ಯಾಗ್ನೆಟಿಸಂದೇ ಅನ್ಸತ್ತೆ. ಎರಡೂವರೆ ಟೆಸ್ಲಾ ಮ್ಯಾಗ್ನೆಟಿಕ್ ಫೀಲ್ಡ್ ಹಾಕಿ ಮತ್ತೆ ಅಳೀರಿ, ಅಷ್ಟಕ್ಕೆ ಇದರ ಸೂಪರ್‌ಕಂಡಕ್ಟಿವಿಟಿ ಸಾಯತ್ತೆ; ಕೆಳಗಿಂದು ಹೋಗಿ ಮೇಲಿಂದು ಉಳಿದ್ರೆ ಅನುಮಾನ ಬೇಡ. (ಫೀಲ್ಡಲ್ಲಿ ತೀರಾ ಕಮ್ಮಿ ತಾಪಮಾನದಲ್ಲಿ ಸ್ಪೆಸಿಫಿಕ್ ಹೀಟ್ ಏರಿಕೆ ಕಂಡ್ರೆ ಗಾಬರಿ ಆಗ್ಬೇಡಿ, ಕಾಪರ್ ನ್ಯೂಕ್ಲಿಯಸ್‌ದು ಅದು.) ಸೂಪರ್‌ಕಂಡಕ್ಟಿವಿಟಿ, ಮ್ಯಾಗ್ನೆಟಿಸಂ ಒಂದೇ ಕ್ರಿಸ್ಟಲ್‌ನಲ್ಲಿದ್ರೂ ಒಂದೇ ಎಲೇಲಿ ಉಣ್ಣಲ್ಲ: ಇಂಥ ಕ್ರಿಸ್ಟಲ್‌ಗಳಲ್ಲಿ ಸೂಪರ್‌ಕಂಡಕ್ಟಿವಿಟಿ ಶುರುವಾದ್ಮೇಲೆ ನ್ಯೂಟ್ರಾನ್ ಹಾಯಿಸಿ ನೋಡಿದ್ರೆ ಮ್ಯಾಗ್ನೆಟಿಕ್ ಪೀಕ್ ಕಾಣೆಯಾಗತ್ತೆ, ಯಾಕಂದ್ರೆ ಇಬ್ರೂ ಕೈ ಹಾಕೋದು ಅದೇ ಭಾರದ ಎಲೆಕ್ಟ್ರಾನ್‌ಗಳಿಗೆ (ಈ ವಸ್ತುವಿನೊಳಗೆ ತುಂಬಾ ತೂಕ ಇರೋ ಥರ ಓಡಾಡೋ ಎಲೆಕ್ಟ್ರಾನ್‌ಗಳು).

— ನಾನು ಯುರೇನಿಯಂ ಡೈಟೆಲ್ಲುರೈಡ್ ಅನ್ನೋ ಇನ್ನೊಂದು ಸೂಪರ್‌ಕಂಡಕ್ಟರ್ ಮೇಲೆ ಕೂತು ಇದೇ ಪಾಡು ಪಟ್ಟಿದೀನಿ. 1.6 ಕೆಲ್ವಿನ್ ಹತ್ರ ಎರಡು ಗುಡ್ಡ ಬಂತು, ಕುಣಿದಾಡಿದ್ವಿ, ಆಮೇಲೆ ಅದೇ ಕ್ರಿಸ್ಟಲ್ ಕತ್ತರಿಸಿ ಎರಡು ಚೂರನ್ನ ಬೇರೆಬೇರೆ ಅಳೆದ್ರೆ ಗುಡ್ಡಗಳ ಎತ್ತರಾನೇ ಅದಲುಬದಲು, ಅಂದ್ರೆ ಸ್ಯಾಂಪಲ್ ಒಳಗೇ ಎರಡು ಥರದ ಭಾಗ. ಮುಂದೆ ಉಪ್ಪು ಕರಗಿಸಿ ಬೆಳೆಸಿದ ಕ್ರಿಸ್ಟಲ್‌ಗಳಲ್ಲಿ 2.1 ಕೆಲ್ವಿನ್‌ಗೆ ಒಂದೇ ಗುಡ್ಡ. ತಮಾಷೆ ಏನಂದ್ರೆ ಅದೇ ಮೆಟೀರಿಯಲ್‌ಗೆ 0.3 ಗಿಗಾಪಾಸ್ಕಲ್ ಮೇಲೆ ಒತ್ತಡ ಕೊಟ್ರೆ ನಿಜವಾಗ್ಲೂ ಎರಡು ಸೂಪರ್‌ಕಂಡಕ್ಟಿಂಗ್ ಫೇಸ್ ಇವೆ, ಸುಮಾರು 1.5 ದಾಟಿದ್ರೆ ಮ್ಯಾಗ್ನೆಟಿಸಂ ಬಂದು ಎಲ್ಲಾ ನುಂಗತ್ತೆ. ಚೂರು ಕತ್ತರಿಸಿ ನೋಡಿ, ಪುಕ್ಕಟೆ ಟೆಸ್ಟು.

— ಹಾಗಂತ ಎರಡು ಗುಡ್ಡ ಅಂದ ತಕ್ಷಣ ಕಳಪೆ ಸ್ಯಾಂಪಲ್ ಅನ್ನೋದೂ ತಪ್ಪು ಕಣ್ರೀ. ಯುರೇನಿಯಂ-ಪ್ಲಾಟಿನಂ 1-3 ಅನ್ನೋ ಸೂಪರ್‌ಕಂಡಕ್ಟರ್‌ನಲ್ಲಿ 0.5 ಕೆಲ್ವಿನ್ ಹತ್ರ 50-60 ಮಿಲಿಕೆಲ್ವಿನ್ ಅಂತರದಲ್ಲಿ ಎರಡು, ಅಲ್ಲಿ ಅನೀಲ್ ಮಾಡಿ (ಕಾಯಿಸಿ ನಿಧಾನಕ್ಕೆ ತಣಿಸಿ) ಸ್ಯಾಂಪಲ್ ಒಳ್ಳೇದಾದಷ್ಟೂ ಗುಡ್ಡ ಚೂಪಾದ್ವು, ಮಾಯ ಆಗ್ಲಿಲ್ಲ. ಒತ್ತಡ ಕೊಟ್ರೆ ಎರಡೂ ಕೂಡ್ಕೊಳತ್ತೆ. ಇನ್ನೊಂದು, ಅಳೆಯೋಕೆ ಕೊಡೋ ಹೀಟ್ ಪಲ್ಸ್‌ನಿಂದ ತಾಪಮಾನ ಏರೋದನ್ನ ಒಂದು ಪರ್ಸೆಂಟ್ ಒಳಗಿಡಿ, ದೊಡ್ಡ ಪಲ್ಸ್ ಹೊಡೆದ್ರೆ ಇಷ್ಟು ಹತ್ರದ ಎರಡು ಗುಡ್ಡ ಕಲಸಿಹೋಗತ್ತೆ.

— ಕೇಳಿದವ್ನೇ ನಾನು. ಫೀಲ್ಡ್ ಹಾಕ್ದೆ. ಕೆಳಗಿಂದು ಹೋಯ್ತು, ಮೇಲಿಂದು ಅಲ್ಲೇ ಕೂತಿದೆ. ಗೈಡ್‌ಗೆ ಇನ್ನೂ ಹೇಳಿಲ್ಲ.