ನಲಿಕಲಿ ಕ್ಲಾಸಲ್ಲಿ ಮಕ್ಕಳು ನನ್ನ ಮಾತು ಕೇಳುವುದೇ ಇಲ್ಲ, ಏನು ಮಾಡಲಿ?

ಗೌರವ ಶಿಕ್ಷಕಿ, ಮಂಗಳೂರು
ಎಲ್ಲರಿಗೂ ನಮಸ್ಕಾರ. ಮಂಗಳೂರು ಹೊರವಲಯದ ಒಂದು ಸರಕಾರಿ ಶಾಲೆಗೆ ಈ ಜೂನ್‌ನಲ್ಲಿ ಸೇರಿದ್ದೇನೆ, ಸಂಬಳ ಶಾಲೆಯ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಕೊಡುವುದು. 1ರಿಂದ 3ನೇ ಕ್ಲಾಸಿನವರು ಒಟ್ಟಿಗೆ ಕೂರುವ ನಲಿಕಲಿಯಲ್ಲಿ ಟೀಚರಿಗೆ ಸಹಾಯ ಮಾಡುವುದು ನನ್ನ ಕೆಲಸ. ಟೀಚರ್ ಇದ್ದಾಗ ತೊಂದರೆ ಇಲ್ಲ. ಅವರು ಮೀಟಿಂಗಿಗೆ ಹೋದರೆ ಸಾಕು, ಒಬ್ಬ ಮೇಜಿನ ಅಡಿಗೆ, ಇನ್ನೊಬ್ಬ ಕಿಟಕಿಗೆ. ಈ ಮಳೆಗೆ ಮೈದಾನಕ್ಕೂ ಬಿಡುವ ಹಾಗಿಲ್ಲ, ಬಿಸಿಯೂಟ ಆದ ಮೇಲಂತೂ ಕೇಳುವುದೇ ಬೇಡ. ಒಬ್ಬ ಹುಡುಗ "ನೀವು ನಿಜವಾದ ಟೀಚರ್ ಅಲ್ಲ" ಅಂತ ಮುಖಕ್ಕೇ ಹೇಳಿದ. ಗಲಾಟೆ ಮಾಡಿದವರನ್ನು ಹೊರಗೆ ನಿಲ್ಲಿಸಿ ಅಂತ ಕೆಲವರು ಹೇಳುತ್ತಾರೆ, ನನಗೆ ಮನಸ್ಸು ಒಪ್ಪುವುದಿಲ್ಲ.

ನಿವೃತ್ತ ಶಿಕ್ಷಕಿ, ಕುಂದಾಪುರ
ನಿಮ್ಮ ಮನಸ್ಸು ಹೇಳುವುದೇ ಸರಿ, ಹೊರಗೆ ನಿಲ್ಲಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದೂ ಅಲ್ಲದೆ ಜಗಲಿಯಲ್ಲಿ ನಿಂತ ಮಗು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಏನಾದರೂ ಆದರೆ ಯಾರು ಹೊಣೆ?

ಇನ್ನು ಗಲಾಟೆ ಎಲ್ಲಿಂದ ಶುರುವಾಗುತ್ತದೆ ಅಂತ ಒಂದು ವಾರ ಗಮನಿಸಿ ನೋಡಿ. ನಲಿಕಲಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರುತ್ತಾರಲ್ವಾ, ಶಿಕ್ಷಕರ ಪಕ್ಕದ ತಟ್ಟೆಯಲ್ಲಿ ಗಲಾಟೆ ಕಡಿಮೆ. ತಾವೇ ಕಲಿಯುವ ಸ್ವಕಲಿಕೆ ತಟ್ಟೆಯಲ್ಲಿ ತನ್ನ ಕಲಿಕೆಯ ಕಾರ್ಡ್ ಮುಗಿಸಿದ ಮಗು ಮುಂದೇನು ಅಂತ ಗೊತ್ತಾಗದೆ ಎದ್ದು ತಿರುಗುತ್ತದೆ, ಪಕ್ಕದವನ ಪೆನ್ಸಿಲ್ ಎಳೆಯುತ್ತದೆ, ಐದು ನಿಮಿಷದಲ್ಲಿ ಇಡೀ ಕ್ಲಾಸು ಎದ್ದಿರುತ್ತದೆ. ನೀವು ಕರಿಹಲಗೆ ಹತ್ತಿರ ನಿಂತು "ಸುಮ್ನಿರಿ" ಅಂತ ಕೂಗಿದರೆ ಗದ್ದಲಕ್ಕೆ ನಿಮ್ಮ ಸ್ವರವೂ ಸೇರುತ್ತದೆ ಅಷ್ಟೇ. ಆ ತಟ್ಟೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಕೊಳ್ಳಿ. ಮುಗಿಸಿದ ಮಗುವಿಗೆ ತಕ್ಷಣ ಮುಂದಿನ ಕಾರ್ಡ್ ಕೊಡಿ, ಇಲ್ಲವಾದರೆ ಚಿಕ್ಕವನೊಬ್ಬನಿಗೆ ಓದಿಸಲು ಹೇಳಿ. ತಪ್ಪು ಮಾಡಿದವನ ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳುವ ಹಾಗೆ ಹೆಸರು ಹಿಡಿದು ಮಾತಾಡಿ. ಊಟ ಆದ ಮೇಲೆ ಹತ್ತು ನಿಮಿಷ ಅಭಿನಯ ಗೀತೆ ಹೇಳಿಸಿ, ಮೈಯೆಲ್ಲ ಆಡಿದ ಮೇಲೆ ತಾವಾಗಿಯೇ ಕೂರುತ್ತಾರೆ.

ಬಂಟ್ವಾಳದ ಮೇಷ್ಟ್ರು
ಮೇಲಿನ ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ ಮಾರಾಯ್ರೆ. ಮೊದಲು ನಿಮ್ಮ ಕ್ಲಾಸ್ ಟೀಚರ್ ಹತ್ತಿರ ಕೂತು ಮಾತಾಡಿ. ನೀರಿಗೆ ಹೋಗುವಾಗ ಯಾರನ್ನು ಕೇಳಬೇಕು, ಜಗಳ ಆದರೆ ಏನು ಮಾಡುವುದು, ಇದರಲ್ಲಿ ನಿಮ್ಮಿಬ್ಬರದೂ ಒಂದೇ ಮಾತಾಗಿರಬೇಕು. ನೀವು ಬೇಡ ಅಂದದ್ದಕ್ಕೆ ಅವರು ಹೂಂ ಅಂದರೆ ಮುಗಿಯಿತು, ಮರುದಿನದಿಂದ ಯಾರೂ ನಿಮ್ಮನ್ನು ಕೇಳುವುದಿಲ್ಲ. ಹೊರಗೆ ಹೋಗುವ ಮೊದಲು ಅವರೇ ಮಕ್ಕಳೆದುರು "ನಾನು ಬರುವ ತನಕ ಇವರು ಹೇಳಿದ್ದೇ" ಅಂತ ಹೇಳಿ ಹೋಗಲಿ. "ನಿಜವಾದ ಟೀಚರ್ ಅಲ್ಲ" ಅನ್ನುವ ಹುಡುಗನಿಗೆ ಅಷ್ಟೇ ಸಾಕು, ಅವನ ಹತ್ತಿರ ವಾದ ಮಾಡುವುದು ಬೇಡ.

ಚಾಕಲೇಟ್ ಕೊಟ್ಟು ಸುಮ್ಮನಿರಿಸುವುದೂ ನನಗೆ ಒಪ್ಪಿಗೆ ಇಲ್ಲ. ನಾಳೆ ಚಾಕಲೇಟ್ ಇಲ್ಲದಿದ್ದರೆ?

ಉಳ್ಳಾಲದ ಒಬ್ಬ ತಾಯಿ
ನಾನು ಟೀಚರ್ ಅಲ್ಲ, ಆದರೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಬ್ಯಾರಿ ಮಾತಾಡುವುದು. ಮಗಳು 1ನೇ ಕ್ಲಾಸಿಗೆ ಸೇರಿದಾಗ ಟೀಚರ್ ಕನ್ನಡದಲ್ಲಿ ಒಟ್ಟೊಟ್ಟಿಗೆ ಎರಡು ಮೂರು ಕೆಲಸ ಹೇಳಿದರೆ ಅವಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ, ಹೇಳಿದ್ದು ಕೇಳುವುದಿಲ್ಲ ಅಂತ ದೂರು ಬರುತ್ತಿತ್ತು. ನಿಮ್ಮಲ್ಲೂ ತುಳು, ಬ್ಯಾರಿ, ಕೊಂಕಣಿ ಮನೆಯ ಮಕ್ಕಳು ಇರಬಹುದು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಕೈಯಲ್ಲಿ ತೋರಿಸಿ. ಅವರ ಭಾಷೆ ನಿಮಗೆ ಬಂದರೆ ಧಾರಾಳ ಬಳಸಿ.

ಗೌರವ ಶಿಕ್ಷಕಿ, ಮಂಗಳೂರು
ತುಂಬಾ ಉಪಕಾರ ಆಯಿತು. ಇನ್ನೊಂದು ಕೇಳಬೇಕು. ಒಂದು ಮಗುವನ್ನು ಹಿಂದಿನಿಂದ ಕರೆದರೆ ತಿರುಗುವುದೇ ಇಲ್ಲ, ಎದುರಿಗೆ ಹೋಗಿ ಹೇಳಿದರೆ ಎಲ್ಲ ಮಾಡುತ್ತಾಳೆ.

ನಿವೃತ್ತ ಶಿಕ್ಷಕಿ, ಕುಂದಾಪುರ
ಹಾಗಾದರೆ ಅದು ಹಟ ಅಲ್ಲದೆಯೂ ಇರಬಹುದು, ಕಿವಿ ಪರೀಕ್ಷೆ ಮಾಡಿಸಲೇಬೇಕು. ಸರಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರಕಾರಿ ಕಾರ್ಯಕ್ರಮ) ವೈದ್ಯರ ತಂಡ ಬರುತ್ತದೆ, ಆದರೆ ಅಲ್ಲಿಯವರೆಗೆ ಕಾಯಬೇಡಿ. ಹೆಡ್ ಟೀಚರಿಗೆ ಹೇಳಿ, ಮನೆಯವರನ್ನು ಕರೆಸಿ ಮಾತಾಡಿ. ನಾಳೆಯೇ ಅವಳನ್ನು ನಿಮ್ಮ ಎದುರಿಗೆ ಕೂರಿಸಿ.