15 ಸೆಂಟ್ ವಾಷಿಂಗ್ಟನ್: ಬಲಗಡೆ ಹಲ್ಲು ಮಾತ್ರ ಗೇಜಿಗೆ ಕೂರುತ್ತಿಲ್ಲ

ಪ್ರಶ್ನೆ:
ಹೋದ ತಿಂಗಳು ಹರಾಜಿನಲ್ಲಿ ಅಮೆರಿಕದ ಹಳೇ ಅಂಚೆಚೀಟಿ ಒಂದನ್ನು ಕೊಂಡೆ. 1908ರಲ್ಲಿ ಶುರುವಾದ ವಾಷಿಂಗ್ಟನ್-ಫ್ರಾಂಕ್ಲಿನ್ ಸೀರೀಸಿನದು. 15 ಸೆಂಟ್, ನೀಲಿ ಬಣ್ಣ, ಬಳಸದೇ ಇರುವುದು. ಹಲ್ಲು ಅಳೆಯುವ ಪಟ್ಟಿ, ಅಂದರೆ ಗೇಜ್ ಇಟ್ಟರೆ, ಮೂರು ಕಡೆ ಹಲ್ಲು 12ಕ್ಕೆ (2 ಸೆಂಟಿಮೀಟರಿಗೆ 12 ತೂತು) ಸರಿಯಾಗಿ ಕೂರುತ್ತದೆ. ಬಲಗಡೆ ಮಾತ್ರ ಮೇಲಿನಿಂದ ಹಿಡಿದು ಕೆಳಗೆ ಬರುವಷ್ಟರಲ್ಲಿ ಅರ್ಧ ಹಲ್ಲು ಜಾರಿರುತ್ತದೆ. ಬೇರೆ ಗೇಜ್ ತಂದು ನೋಡಿದೆ, ಅದೇ ಕಥೆ. ಮಾರಿದವರು ‘ಹಳೇ ಮೆಷಿನ್, ಹಾಗೇ ಇರುತ್ತೆ’ ಅಂದರು. ನಿಜಾನಾ?

ಉತ್ತರ:
ಆ ಮಾತನ್ನು ಒಪ್ಪಬೇಡಿ. ಆಗ ತೂತು ಹೊಡೆಯುತ್ತಿದ್ದದ್ದು ಪಿನ್ನು ಕೂರಿಸಿದ ಚಕ್ರ. ಪಿನ್ನಿನಿಂದ ಪಿನ್ನಿಗೆ ದೂರ ನಿಗದಿಯಾಗಿರುತ್ತದೆ. ಚಿತ್ರ ಒಂದು ಕಡೆಗೆ ಸರಿದಿರಬಹುದು, ಹಲ್ಲಿನ ಸಾಲು ಚಿತ್ರಕ್ಕೆ ಸ್ವಲ್ಪ ಓರೆಯಾಗಿರಬಹುದು. ಒಂದೇ ಸಾಲಿನೊಳಗೆ ಅರ್ಧ ಹಲ್ಲು ಜಾರುವುದು ಮಾತ್ರ ಚಕ್ರದ ಕೆಲಸ ಅಲ್ಲ. ಬಲಗಡೆಯ ಹಲ್ಲನ್ನು ಆಮೇಲೆ ಯಾರೋ ಹೊಡೆದಿರಬೇಕು.

ಯಾಕೆ ಹೀಗೆ ಮಾಡುತ್ತಾರೆ ಅಂದರೆ, ಆಗ 400 ಚೀಟಿಗಳ ಹಾಳೆ ಅಚ್ಚಾಗಿ, ಮಧ್ಯದ ಗೆರೆಗಳಲ್ಲಿ ಕತ್ತರಿಸಿ 100ರ ನಾಲ್ಕು ಶೀಟ್ ಆಗುತ್ತಿತ್ತು. ಕತ್ತರಿಸಿದ ಎರಡು ಅಂಚಿಗೆ ಹಲ್ಲು ಇರುತ್ತಿರಲಿಲ್ಲ. ಹಾಗಾಗಿ 100ರಲ್ಲಿ 19 ಚೀಟಿಗೆ ನೇರ ಅಂಚು. ಸಂಗ್ರಹಕಾರರಿಗೆ ಅದು ಇಷ್ಟವಿಲ್ಲ, ಬೆಲೆ ಕಡಿಮೆ. ಯಾರೋ ಆ ಅಂಚಿಗೆ ಹೊಸದಾಗಿ ತೂತು ಹೊಡೆದು ಪೂರ್ತಿ ಬೆಲೆಗೆ ಮಾರುತ್ತಾರೆ. ನನ್ನ ಮಟ್ಟಿಗೆ ಇದು ಶುದ್ಧ ಮೋಸ. ನೇರ ಅಂಚಿನ ಚೀಟಿಯೂ ಅಸಲಿಯೇ ಅಲ್ವಾ, ಅದನ್ನು ಹಾಳು ಮಾಡಿದ ಹಾಗೆ.

ಈಗ 10 ಪಟ್ಟಿನ ಲೂಪ್ (ಚಿಕ್ಕ ಭೂತಗನ್ನಡಿ) ತಗೊಳ್ಳಿ, ಕಪ್ಪು ಹಾಳೆ ಮೇಲೆ ಚೀಟಿ ಇಡಿ. ತೂತು ಬಿಡಿ, ಹಲ್ಲಿನ ತುದಿ ನೋಡಿ. ಅಸಲಿ ಹಲ್ಲು ಒಂದು ಚೀಟಿಯಿಂದ ಇನ್ನೊಂದನ್ನು ಹರಿದಾಗ ಆಗಿದ್ದು. ತುದಿಯಲ್ಲಿ ಕಾಗದದ ನಾರು ಎದ್ದಿರುತ್ತದೆ, ಒಂದು ಉದ್ದ, ಒಂದು ಗಿಡ್ಡ. ಜೋಳದ ರೊಟ್ಟಿ ಮುರಿದ ಅಂಚಿನ ಹಾಗೆ. ಆಮೇಲೆ ಹೊಡೆದ ಹಲ್ಲಿನ ತುದಿ ಹಳೇ ಕತ್ತರಿಸಿದ ಗೆರೆಯೇ. ಎಲ್ಲಾ ತುದಿಯೂ ಚಪ್ಪಟೆ, ಒಂದೇ ಗೆರೆಯಲ್ಲಿ ನಿಂತಿರುತ್ತವೆ. ಆದರೆ ಕತ್ತರಿಯಿಂದ ಬೇರೆ ಮಾಡಿದ ಅಸಲಿ ಚೀಟಿಗೂ ಚಪ್ಪಟೆ ತುದಿ ಇರಬಹುದು. ಹಾಗಾಗಿ ಅದೇ ಸೀರೀಸಿನ, ಗೇಜ್ 12ರ 1 ಸೆಂಟ್ ಚೀಟಿಯೊಂದನ್ನು ಪಕ್ಕ ಇಟ್ಟು ತೂತಿನ ಅಗಲವನ್ನೂ ಹೋಲಿಸಿ. ಅದು ಅಗ್ಗ, ಸುಲಭವಾಗಿ ಸಿಗುತ್ತದೆ.

ಮತ್ತೆ ಕೇಳಿದವರು:
ನೋಡಿದೆ. ಎಡಗಡೆ ತುದಿಗಳಲ್ಲಿ ನಾರು ಚೆನ್ನಾಗಿ ಕಾಣುತ್ತದೆ. ಬಲಗಡೆ ಒಂದರಲ್ಲೂ ಇಲ್ಲ. ತೂತುಗಳೂ 1 ಸೆಂಟ್‌ನದಕ್ಕಿಂತ ಚಿಕ್ಕವು, ಒಳಗಿನ ಅಂಚು ಹೊಳೆಯುವಷ್ಟು ಬಿಳಿ. ಇನ್ನೊಂದು ಇದೆ: ಅದೇ ಆಲ್ಬಮ್ಮಿನಲ್ಲಿ 3 ಸೆಂಟ್ ನೇರಳೆ. ಎಡ-ಬಲ ಹಲ್ಲು, ಮೇಲೆ-ಕೆಳಗೆ ನೇರ. ‘ಆರೆಂಜ್‌ಬರ್ಗ್ ಕಾಯಿಲ್’ (ಕಾಯಿಲ್ ಅಂದರೆ ಸುರುಳಿಯಾಗಿ ಬರುವ ಅಂಚೆಚೀಟಿ) ಅಂತ ಲೇಬಲ್ ಅಂಟಿಸಿದ್ದಾರೆ.

ಉತ್ತರ:
15 ಸೆಂಟ್ ಬಗ್ಗೆ ಇನ್ನು ಅನುಮಾನ ಬೇಡ, ಫೋಟೋ ಕಳಿಸಿ ಹಣ ವಾಪಸ್ ಕೇಳಿ.

3 ಸೆಂಟ್ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಆರೆಂಜ್‌ಬರ್ಗ್ ಕಾಯಿಲ್ 1911ರದು. ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗ್ ಊರಿನ ಔಷಧ ಕಂಪನಿಯೊಂದು ವೈದ್ಯರಿಗೆ ಸ್ಯಾಂಪಲ್ ಕಳಿಸಲು ಬಳಸಿದ್ದು. ಬಹಳ ಅಪರೂಪ. ಅದಕ್ಕೇ ಮಾಮೂಲಿ 3 ಸೆಂಟ್ ಶೀಟ್ ಚೀಟಿಯ ಮೇಲೆ-ಕೆಳಗೆ ಹಲ್ಲು ಕತ್ತರಿಸಿ ಇದನ್ನು ‘ತಯಾರಿಸುತ್ತಾರೆ’.

ಮೊದಲು ವಾಟರ್‌ಮಾರ್ಕ್, ಅಂದರೆ ಕಾಗದದೊಳಗೇ ಇರುವ ಮಸುಕು ಗುರುತು ನೋಡಿ. ಡಬಲ್ ಲೈನ್ (ಎರಡು ಗೆರೆಯ) ಅಕ್ಷರ ಕಂಡರೆ ಅದು ಆರೆಂಜ್‌ಬರ್ಗ್ ಅಲ್ಲ, ಅಲ್ಲಿಗೇ ಮುಗಿಯಿತು. ಸಿಂಗಲ್ ಲೈನ್ ಕಂಡರೂ ಖುಷಿ ಪಡಬೇಡಿ, ಅದೇ ಕಾಲದ ಶೀಟ್ ಚೀಟಿಯಲ್ಲೂ ಅದೇ ಇದೆ. ಆಮೇಲೆ ನಾಲ್ಕೂ ಕಡೆ ಹಲ್ಲಿರುವ ಚೀಟಿಯ ಮೇಲೆ ಇಟ್ಟು ಎತ್ತರ ಹೋಲಿಸಿ. ಹಲ್ಲು ಕತ್ತರಿಸಿದ್ದರೆ ಹೆಚ್ಚಾಗಿ ಗಿಡ್ಡ ಆಗಿರುತ್ತದೆ. ನೇರ ಅಂಚುಗಳು ಒಂದಕ್ಕೊಂದು ಸಮಾನಾಂತರವಾಗಿವೆಯಾ ಅಂತಲೂ ನೋಡಿ. ಅಗಲ ಅಂಚಿನ ಚೀಟಿ ಆರಿಸಿ ಕತ್ತರಿಸಿದ್ದರೆ ಇಷ್ಟರಿಂದಲೂ ಸಿಕ್ಕಿಬೀಳುವುದಿಲ್ಲ. ಈ ಪರೀಕ್ಷೆ ಎಲ್ಲಾ ಪಾಸಾದರೆ ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್‌ಗೆ ಕಳಿಸಿ ಪ್ರಮಾಣಪತ್ರ ತಗೊಳ್ಳಿ.

ಕೇಳಿದವರು:
ಈಗಷ್ಟೇ ಇಟ್ಟು ನೋಡಿದೆ. ಸಿಂಗಲ್ ಲೈನೇ ಇದೆ. ಆದರೆ ಎತ್ತರ ಹೆಚ್ಚುಕಡಿಮೆ 1 ಮಿಲಿಮೀಟರ್ ಕಡಿಮೆ. ಕೆಳಗಿನ ಅಂಚಿನಲ್ಲಿ, ಎಡ ಮೂಲೆ ಹತ್ತಿರ, ಹಳೇ ತೂತಿನ ತಳ ಉಗುರಿನ ಚೂರಿನಷ್ಟು ಉಳಿದುಕೊಂಡಿದೆ.